ಹಾಡು, ಹೆಣಿಗೆ, ಮಣ್ಣು, ಕುಣಿತ: ಯಾರಿಗೆ ಯಾವ ಕಲಾ ಗುಂಪು ಒಗ್ಗುತ್ತದೆ?

ನಿವೃತ್ತಿಯಾದ ಮೇಲೆ ಮನೆ ಬಿಟ್ಟು ಹೊರಗೆ ಕಾಲಿಡದ ಅಪ್ಪ. ಹೆರಿಗೆಯಾಗಿ ತಿಂಗಳುಗಳಾದರೂ ಮಂಕಾಗಿಯೇ ಇರುವ ತಂಗಿ. ಲಕ್ವ ಹೊಡೆದು ಒಂದು ಕೈ ಸರಿಯಾಗಿ ಆಡದ ನೆರೆಮನೆಯವರು. ಇವರಿಗೆಲ್ಲ "ಏನಾದರೂ ಹವ್ಯಾಸ ಇಟ್ಟುಕೊಳ್ಳಿ" ಅಂತ ಹೇಳುವುದು ಸುಲಭ. ಯಾವ ಹವ್ಯಾಸ, ಯಾರ ಜೊತೆ, ಎಷ್ಟು ಹೊತ್ತು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಆ ಉತ್ತರ ಹುಡುಕುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಲೆಯನ್ನು ಮೊದಲು ಆರಿಸಬೇಡಿ. ಕೊರತೆ ಎಲ್ಲಿದೆ ಅಂತ ಮೊದಲು ನೋಡಿ. ಜನರ ಸಂಗ ಬೇಕಾಗಿದೆಯಾ? ಸದಾ ಓಡುವ ತಲೆಗೆ ಬಿಡುವು ಬೇಕಾಗಿದೆಯಾ? ಮೈ ಅಲುಗಾಡಬೇಕಾ? ಯಾರ ಹತ್ತಿರವೂ ಹೇಳಲಾಗದ ಮಾತು ಒಳಗೆ ಕೂತಿದೆಯಾ? ಇದು ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ. ಉಳಿದರ್ಧ ನೀವು ಸೇರುವ ಗುಂಪು ಎಂಥದ್ದು ಅನ್ನುವುದರ ಮೇಲೆ ನಿಂತಿದೆ.

ಇದೆಲ್ಲ ಸುಮ್ನೆ ಹೊತ್ತು ಕಳೆಯುವ ಕೆಲಸ ಅಂದುಕೊಳ್ಳುವವರು ಇನ್ನೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2019ರಲ್ಲಿ ಒಂದು ವರದಿ ತಂದಿತು. ಕಲೆಗೂ ಆರೋಗ್ಯಕ್ಕೂ ಇರುವ ನಂಟಿನ ಬಗ್ಗೆ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಅದು ಒಟ್ಟಿಗೆ ಇಟ್ಟು ನೋಡಿತ್ತು. ಕಾಯಿಲೆ ಬರದಂತೆ ನೋಡಿಕೊಳ್ಳುವುದರಲ್ಲೂ, ಬಂದ ಕಾಯಿಲೆಯ ಜೊತೆ ಬದುಕುವುದರಲ್ಲೂ ಕಲೆ ನೆರವಾಗುತ್ತದೆ ಅಂತ ಹೇಳಿತು. 2023ರಲ್ಲಿ ಇನ್ನೊಂದು ಅಧ್ಯಯನ ಬಂತು. 16 ದೇಶಗಳ, 65 ವರ್ಷ ದಾಟಿದ 93,000ಕ್ಕೂ ಹೆಚ್ಚು ಜನರ ಮಾಹಿತಿ ಅದರಲ್ಲಿತ್ತು. ಹವ್ಯಾಸ ಇರುವವರಲ್ಲಿ ಖಿನ್ನತೆಯ ಲಕ್ಷಣ ಕಡಿಮೆ ಇತ್ತು, ಬದುಕಿನ ಬಗ್ಗೆ ತೃಪ್ತಿ ಜಾಸ್ತಿ ಇತ್ತು.

ಒಂದು ಎಚ್ಚರ ಇರಲಿ. ಆರೋಗ್ಯ ಚೆನ್ನಾಗಿರುವವರೇ ಹವ್ಯಾಸಕ್ಕೆ ಕೈ ಹಾಕುವುದು ಜಾಸ್ತಿ ಅಲ್ವಾ? ಹಾಗಾಗಿ ಇಂಥ ಸಮೀಕ್ಷೆಗಳಲ್ಲಿ ಕಾರಣ ಯಾವುದು, ಫಲ ಯಾವುದು ಅಂತ ಪೂರ್ತಿ ಬಿಡಿಸಿ ಹೇಳಲಾಗದು. ಜನರನ್ನು ಗುಂಪುಗಳಾಗಿ ಹಂಚಿ ಹೋಲಿಸಿದ ಪ್ರಯೋಗಗಳಿಗೆ ಅದಕ್ಕಿಂತ ತೂಕ ಜಾಸ್ತಿ. ಅಂಥವೂ ಕೆಲವು ಇವೆ, ಮುಂದೆ ಬರುತ್ತವೆ.

ಜನ ಬೇಗ ಬೇಕಿದ್ದರೆ ಹಾಡು

ಹೊಸ ಜಾಗಕ್ಕೆ ಬಂದವರು, ಬಾಳಸಂಗಾತಿಯನ್ನು ಕಳೆದುಕೊಂಡವರು, ದಿನಗಟ್ಟಲೆ ಯಾರ ಜೊತೆಗೂ ಮಾತಾಡದೆ ಇರುವವರು. ಇವರಿಗೆ ನಾನು ಮೊದಲು ಹೇಳುವುದು ಗುಂಪಿನಲ್ಲಿ ಹಾಡುವುದನ್ನು.

ಇದಕ್ಕೆ ಕಾರಣವಿದೆ. ಇಂಗ್ಲೆಂಡಿನಲ್ಲಿ ದೊಡ್ಡವರಿಗಾಗಿ ನಡೆದ ಹಾಡಿನ ತರಗತಿ, ಕೈಕೆಲಸದ ತರಗತಿ, ಬರವಣಿಗೆಯ ತರಗತಿಗಳನ್ನು ಸಂಶೋಧಕರು 7 ತಿಂಗಳು ಗಮನಿಸಿದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಹಾಡುವವರು ಮೊದಲ ತಿಂಗಳಲ್ಲೇ ಒಬ್ಬರಿಗೊಬ್ಬರು ಹತ್ತಿರವಾಗಿದ್ದರು. ಉಳಿದ ತರಗತಿಯವರು ಅಷ್ಟು ಬೇಗ ಹತ್ತಿರವಾಗಲಿಲ್ಲ. ಆದರೆ 7 ತಿಂಗಳು ಮುಗಿಯುವ ಹೊತ್ತಿಗೆ ಕೈಕೆಲಸದವರೂ ಬರವಣಿಗೆಯವರೂ ಅಷ್ಟೇ ಹತ್ತಿರವಾಗಿದ್ದರು. ಈ ವಿಷಯದಲ್ಲಿ ನನಗೆ ತುಂಬ ಉಪಯೋಗಕ್ಕೆ ಬಂದ ಅಧ್ಯಯನ ಇದು. ಹಾಡು ಬೇಗ ಬೆಸೆಯುತ್ತದೆ, ಉಳಿದವು ನಿಧಾನಕ್ಕೆ ಅದೇ ಜಾಗ ತಲುಪುತ್ತವೆ. ಒಂಟಿತನದಿಂದ ಬಳಲುವವರು ಎರಡನೇ ವಾರಕ್ಕೇ ಬಿಟ್ಟುಬಿಡುವ ಅಪಾಯವಿದ್ದರೆ ಈ ಬೇಗ ಅನ್ನುವುದಕ್ಕೆ ಬಹಳ ಬೆಲೆ ಇದೆ. ಅವಸರವಿಲ್ಲದಿದ್ದರೆ ಯಾವ ದಾರಿಯೂ ಆದೀತು.

ಹಾಡುವಾಗ ಪರಿಚಯದ ಮಾತು ಹುಡುಕಬೇಕಾಗಿಲ್ಲ. ಎಲ್ಲರೂ ಒಂದೇ ಹೊತ್ತಿಗೆ ಉಸಿರು ತೆಗೆದುಕೊಳ್ಳುತ್ತಾರೆ, ಒಂದೇ ತಾಳಕ್ಕೆ ಬಿಡುತ್ತಾರೆ. ನಾಚಿಕೆ ಸ್ವಭಾವದವರಿಗೆ ಇದು ಕಷ್ಟ ಅಂತ ಕಾಣುತ್ತದೆ, ನಿಜಕ್ಕೂ ಎದುರಿಗೆ ಕೂತು ಹರಟುವುದಕ್ಕಿಂತ ಸುಲಭ. ಮೂವತ್ತು ದನಿಗಳ ನಡುವೆ ತಮ್ಮ ದನಿಯನ್ನು ಯಾರೂ ಬೇರೆಯಾಗಿ ಕೇಳುವುದಿಲ್ಲ.

ಹೆರಿಗೆಯ ನಂತರದ ಖಿನ್ನತೆಗೂ ಹಾಡಿನಿಂದ ಫಲ ಸಿಕ್ಕಿದೆ. 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 134 ತಾಯಂದಿರು ಇದ್ದರು. ಒಂದು ಪಾಲು ಮಗುವಿನ ಜೊತೆ 10 ವಾರ ಗುಂಪಿನಲ್ಲಿ ಹಾಡಿದರು. ಇನ್ನೊಂದು ಪಾಲು ಮಗುವಿನ ಜೊತೆ ಆಟದ ಚಟುವಟಿಕೆ ಮಾಡಿದರು. ಉಳಿದವರಿಗೆ ಎಂದಿನ ಆರೈಕೆ. ಲಕ್ಷಣ ಜಾಸ್ತಿ ಇದ್ದ ತಾಯಂದಿರಲ್ಲಿ, ಎಂದಿನ ಆರೈಕೆಯವರಿಗಿಂತ ಹಾಡಿನ ಗುಂಪಿನವರು ಬೇಗ ಚೇತರಿಸಿಕೊಂಡರು. ಆಟದ ಗುಂಪಿನವರಲ್ಲಿ ಆ ವೇಗ ಕಾಣಲಿಲ್ಲ. ಸುಮ್ನೆ ನಾಲ್ಕು ತಾಯಂದಿರು ಸೇರಿದರೆ ಸಾಕು ಅನ್ನುವಂತಿಲ್ಲ, ಹಾಡಿನಲ್ಲೇ ಏನೋ ಇದೆ ಅಂತ ಇದರಿಂದ ಅನಿಸುತ್ತದೆ.

ಲಕ್ವದಿಂದ ಮಾತು ನಿಂತ ಕೆಲವರು ಚೆನ್ನಾಗಿ ಗೊತ್ತಿರುವ ಹಳೆಯ ಹಾಡಿನ ಸಾಲುಗಳನ್ನು ಹಾಡಬಲ್ಲರು. ಉಬ್ಬಸ ಮತ್ತು ಶ್ವಾಸಕೋಶದ ಹಳೆಯ ಕಾಯಿಲೆ ಇರುವವರಿಗಾಗಿಯೇ ನಡೆಯುವ ಹಾಡಿನ ಗುಂಪುಗಳೂ ಇವೆ. ಅಲ್ಲಿ ಉಸಿರನ್ನು ನಿಧಾನಕ್ಕೆ ಬಿಡುವುದನ್ನು ಕಲಿಸುತ್ತಾರೆ. ಅಂಥ ಕಾಯಿಲೆ ಇರುವವರು ಸಾಮಾನ್ಯ ಗುಂಪಿಗಿಂತ ಇದನ್ನೇ ಹುಡುಕುವುದು ಒಳ್ಳೆಯದು.

ಹಾಡು ಎಲ್ಲರಿಗೂ ಒಗ್ಗುವುದಿಲ್ಲ. ಕಿವಿಗೆ ಯಂತ್ರ ಹಾಕಿಕೊಂಡವರಿಗೆ ಹಲವು ದನಿಗಳು ಒಟ್ಟಿಗೆ ಸೇರಿ ಗದ್ದಲವಾಗಿ ಕೇಳಬಹುದು. ದನಿ ಪರೀಕ್ಷೆ ಮಾಡಿ ಸೇರಿಸಿಕೊಳ್ಳುವ, ಸ್ಪರ್ಧೆಗೆ ತಯಾರಾಗುವ ತಂಡಗಳನ್ನು ಆರೋಗ್ಯಕ್ಕಾಗಿ ಹುಡುಕುವವರು ಬಿಟ್ಟುಬಿಡಿ. "ಯಾರು ಬೇಕಾದರೂ ಬನ್ನಿ" ಅನ್ನುವ ಗುಂಪೇ ಬೇಕು.

ಮಾತಾಡದೆ ಜೊತೆಗಿರಲು ಕೈಕೆಲಸ

ಹೆಣಿಗೆ, ಕ್ರೋಶಾ, ಕಸೂತಿ, ಹೊಲಿಗೆ, ಬುಟ್ಟಿ ನೇಯುವುದು, ಮರಗೆಲಸ. ಇವುಗಳ ದೊಡ್ಡ ಗುಣ ಒಂದಿದೆ. ಕಣ್ಣು ಕೈಯ ಮೇಲೆ ಇರುತ್ತದೆ. ಪಕ್ಕದವರ ಮುಖ ನೋಡಬೇಕಾಗಿಲ್ಲ. ಮಾತು ಬಂದರೆ ಆಡಬಹುದು, ಬಾರದಿದ್ದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಮೌನಕ್ಕೆ ಇಷ್ಟು ಜಾಗ ಬೇರೆ ಯಾವ ಗುಂಪಿನಲ್ಲೂ ಸಿಗುವುದಿಲ್ಲ ಅಂತ ನನಗನಿಸುತ್ತದೆ. ದುಃಖದಲ್ಲಿರುವವರಿಗೆ ಇದು ಬಹಳ ಮುಖ್ಯ.

ಆಸ್ಟ್ರೇಲಿಯಾದಲ್ಲಿ 1990ರ ದಶಕದಲ್ಲಿ ಶುರುವಾದ 'ಮೆನ್ಸ್ ಶೆಡ್' ಅನ್ನುವ ಜಾಗಗಳು ಇದೇ ಗುಣವನ್ನು ಬಳಸಿಕೊಂಡವು. ವಯಸ್ಸಾದ ಗಂಡಸರು ಬಂದು ಮರ ಕೊಯ್ಯುತ್ತಾರೆ, ಮುರಿದ ಕುರ್ಚಿ ಸರಿ ಮಾಡುತ್ತಾರೆ, ಮಕ್ಕಳ ಆಟಿಕೆ ಮಾಡುತ್ತಾರೆ. ಗಂಡಸರು ಎದುರುಬದುರು ಕೂತು ಕಷ್ಟ ಹೇಳಿಕೊಳ್ಳುವುದಿಲ್ಲ, ಹೆಗಲಿಗೆ ಹೆಗಲು ಕೊಟ್ಟು ಕೆಲಸ ಮಾಡುವಾಗ ಹೇಳಿಕೊಳ್ಳುತ್ತಾರೆ ಅನ್ನುವುದು ಅಲ್ಲಿನವರ ನಂಬಿಕೆ. ಈಗ ಅಲ್ಲಿ ಸಾವಿರಕ್ಕೂ ಹೆಚ್ಚು ಶೆಡ್‌ಗಳಿವೆ. ಐರ್ಲೆಂಡ್, ಬ್ರಿಟನ್, ಕೆನಡಾಕ್ಕೂ ಈ ಯೋಚನೆ ಹಬ್ಬಿದೆ. "ಮನಸ್ಸಿನ ಆರೋಗ್ಯಕ್ಕೆ ಬನ್ನಿ" ಅಂದರೆ ಬಾರದ ಅಪ್ಪ "ಒಂದು ಬೆಂಚು ಮಾಡಬೇಕು, ಕೈ ಸಾಲುತ್ತಿಲ್ಲ" ಅಂದರೆ ಬಂದಾರು. ಮನೆಯಲ್ಲಿ ಅಂಥವರಿದ್ದರೆ ಕರೆಯುವ ರೀತಿಯನ್ನೇ ಬದಲಿಸಿ ನೋಡಿ.

ಹೆಣಿಗೆಯ ಬಗ್ಗೆ 2013ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಗೆ ಬೇರೆ ಬೇರೆ ದೇಶಗಳಿಂದ 3,500ಕ್ಕೂ ಹೆಚ್ಚು ಹೆಣೆಯುವವರು ಉತ್ತರಿಸಿದ್ದರು. ಎಷ್ಟು ಸಲ ಹೆಣೆಯುತ್ತಾರೋ ಅಷ್ಟು ಮನಸ್ಸು ಶಾಂತವಾಗಿ, ಗೆಲುವಾಗಿ ಇರುತ್ತದೆ ಅನ್ನುವ ನಂಟು ಅದರಲ್ಲಿ ಕಂಡಿತು. ಇವರೆಲ್ಲ ಮೊದಲೇ ಹೆಣಿಗೆ ಇಷ್ಟಪಡುವವರು ಅನ್ನುವುದನ್ನು ಮರೆಯಬೇಡಿ. ಆದರೂ ಹೆಣೆಯುವವರಿಗೆ ಇದು ಅನುಭವದಲ್ಲಿ ಗೊತ್ತು. ಒಂದೇ ಚಲನೆ ಮತ್ತೆ ಮತ್ತೆ ಬರುತ್ತದೆ. ಎಣಿಕೆ ತಪ್ಪಬಾರದು ಅನ್ನುವಷ್ಟು ಗಮನ ಸಾಕು. ತಲೆಯಲ್ಲಿ ಸುತ್ತುವ ಯೋಚನೆಗೆ ಜಾಗ ಉಳಿಯುವುದಿಲ್ಲ. ತಪ್ಪಾದರೆ ಬಿಚ್ಚಿ ಮತ್ತೆ ಹೆಣೆಯಬಹುದು, ದಾರ ಹಾಳಾಗುವುದಿಲ್ಲ.

ಇನ್ನೊಂದು ಅನುಕೂಲವನ್ನು ಜನ ಅಷ್ಟಾಗಿ ಹೇಳುವುದಿಲ್ಲ. ಈ ಕೆಲಸವನ್ನು ಮನೆಗೆ ಒಯ್ಯಬಹುದು. ಗುಂಪು ಸೇರುವುದು ವಾರಕ್ಕೆ ಒಂದು ದಿನ, ನಿದ್ದೆ ಬಾರದ ರಾತ್ರಿ ಯಾವ ದಿನವಾದರೂ ಬರಬಹುದು. ಹಾಡಿನ ಗುಂಪು ಆ ಹೊತ್ತಿಗೆ ಜೊತೆಗಿರುವುದಿಲ್ಲ, ಕಸೂತಿಯ ಬಟ್ಟೆ ಇರುತ್ತದೆ.

ಎಲ್ಲರೂ ಸೇರಿ ಒಂದೇ ವಸ್ತು ಮಾಡುವುದು ಇನ್ನೊಂದು ರೀತಿ. 1987ರಲ್ಲಿ ಅಮೆರಿಕದಲ್ಲಿ ಏಡ್ಸ್‌ನಿಂದ ಸತ್ತವರ ನೆನಪಿಗೆ ಅವರ ಬಂಧು, ಗೆಳೆಯರು ಒಂದು ದೊಡ್ಡ ಕೌದಿ ಹೊಲಿಯಲು ಶುರು ಮಾಡಿದರು. ಒಬ್ಬೊಬ್ಬರಿಗೆ 3 ಅಡಿ ಅಗಲ, 6 ಅಡಿ ಉದ್ದದ ಬಟ್ಟೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನ ಬಯಲಿನಲ್ಲಿ ಹಾಸಿದಾಗ 1,920 ತುಂಡುಗಳಿದ್ದವು. ಆ ಕಾಯಿಲೆಯ ಹೆಸರು ಹೇಳಲೂ ಜನ ಹೆದರುತ್ತಿದ್ದ ದಿನಗಳವು. ಬಾಯಲ್ಲಿ ಹೇಳಲಾಗದ್ದನ್ನು ಸೂಜಿಯಲ್ಲಿ ಹೇಳಿದರು. ಒಂದೇ ಬಗೆಯ ನೋವು ಉಂಡವರು ಸೇರುವುದಾದರೆ, ತಲೆಗೊಂದು ವಸ್ತು ಮಾಡುವುದಕ್ಕಿಂತ ಇಂಥ ಕೂಡಿ ಮಾಡುವ ಕೆಲಸವನ್ನೇ ನಾನು ಆರಿಸುತ್ತೇನೆ.

ತೊಂದರೆಗಳೂ ಇವೆ. ಕತ್ತು, ಹೆಗಲು, ಬೆರಳಿನ ಗಂಟು ನೋಯುತ್ತವೆ. ಅರ್ಧ ಗಂಟೆಗೊಮ್ಮೆ ಎದ್ದು ಕೈ ಚಾಚಬೇಕು. ಸಂಧಿವಾತ ಇರುವವರಿಗೆ ತೆಳು ಲೋಹದ ಕಡ್ಡಿಗಿಂತ ದಪ್ಪ ಮರದ ಕಡ್ಡಿ, ದಪ್ಪ ನೂಲು ಹಗುರ ಅನಿಸುತ್ತದೆ. ಕಣ್ಣು ಮಂಜಾದವರಿಗೆ ಕಪ್ಪು ನೂಲು ಕೊಡಬೇಡಿ, ಹೊಲಿಗೆ ಕಾಣುವುದೇ ಇಲ್ಲ.

ಬಣ್ಣವಾ, ಮಣ್ಣಾ?

ಚಿತ್ರ ಬರೆಯುವ ಗುಂಪು ಅಂದ ಕೂಡಲೇ ಬಹಳ ಜನ "ನನಗೆ ಬರೆಯಲು ಬರುವುದಿಲ್ಲ" ಅಂತ ಹಿಂದೆ ಸರಿಯುತ್ತಾರೆ. ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನ ಇವರಿಗೆ ಧೈರ್ಯ ಕೊಡಬಹುದು. 39 ಜನ 45 ನಿಮಿಷ ಕೂತು ಬಣ್ಣದ ಪೆನ್ನು, ಜೇಡಿಮಣ್ಣು, ಕೊಲಾಜ್ ಕಾಗದದಿಂದ ತಮಗೆ ಬೇಕಾದ್ದನ್ನು ಮಾಡಿದರು. ಸುಮಾರು ಮುಕ್ಕಾಲು ಪಾಲು ಜನರ ಜೊಲ್ಲಿನಲ್ಲಿ ಕಾರ್ಟಿಸೋಲ್, ಅಂದರೆ ಒತ್ತಡದಲ್ಲಿ ಏರುವ ಹಾರ್ಮೋನು, ಇಳಿದಿತ್ತು. ಮೊದಲೇ ಚಿತ್ರಕಲೆ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಇದರಲ್ಲಿ ವ್ಯತ್ಯಾಸವಿರಲಿಲ್ಲ. ಹೋಲಿಸಿ ನೋಡಲು ಬೇರೆ ಗುಂಪು ಇಲ್ಲದ ಅಧ್ಯಯನ ಇದು, ಹಾಗಾಗಿ ಕೊನೆಯ ಮಾತು ಅಂತ ತಿಳಿಯಬೇಡಿ.

ಖಾಲಿ ಹಾಳೆ ಒಳ್ಳೆಯದಾ, ಮೊದಲೇ ಗೆರೆ ಎಳೆದ ಹಾಳೆಯಾ? ಆತಂಕ ಜಾಸ್ತಿ ಇರುವವರಿಗೆ ಗೆರೆ ಎಳೆದದ್ದೇ ವಾಸಿ. 2005ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಮಂಡಲದಂಥ ವಿನ್ಯಾಸಕ್ಕೆ ಬಣ್ಣ ತುಂಬಿದವರ ಆತಂಕ, ಖಾಲಿ ಹಾಳೆ ಪಡೆದವರದ್ದಕ್ಕಿಂತ ಜಾಸ್ತಿ ಇಳಿಯಿತು. "ಏನು ಬರೆಯಲಿ" ಅನ್ನುವ ಪ್ರಶ್ನೆಯೇ ಆತಂಕದ ಮನಸ್ಸಿಗೆ ಒಂದು ಹೊರೆ. ಮನಸ್ಸು ಸ್ವಲ್ಪ ನೆಲೆಗೆ ಬಂದ ಮೇಲೆ ಖಾಲಿ ಹಾಳೆಗೆ ಹೋಗಬಹುದು. ಬೇಸರ, ಜಡತೆ ಹಿಡಿದವರಿಗೆ ಮೊದಲಿನಿಂದಲೇ ಖಾಲಿ ಹಾಳೆ ಕೊಟ್ಟು ನೋಡಿ, ಬಣ್ಣ ತುಂಬುವುದು ಅವರಿಗೆ ಬೇಗ ಸಪ್ಪೆಯಾಗುತ್ತದೆ.

ಜೇಡಿಮಣ್ಣಿನದು ಬೇರೆ ಸುಖ. ಒತ್ತಬಹುದು, ಹಿಸುಕಬಹುದು, ಬಡಿಯಬಹುದು. ಕೋಪ, ಚಡಪಡಿಕೆ ಇರುವ ಮಕ್ಕಳಿಗೂ ಹರೆಯದವರಿಗೂ ನಾನು ಬಣ್ಣಕ್ಕಿಂತ ಮೊದಲು ಮಣ್ಣನ್ನೇ ಕೊಡುತ್ತೇನೆ. ಕಣ್ಣು ಕಾಣದವರೂ ಪೂರ್ತಿಯಾಗಿ ಪಾಲುಗೊಳ್ಳಬಹುದಾದ ಕೆಲವೇ ಕಲೆಗಳಲ್ಲಿ ಇದೊಂದು. ಆದರೆ ಗುಂಪು ನಡೆಸುವವರಿಗೆ ಇದರ ಅಪಾಯ ಗೊತ್ತಿರಬೇಕು. ಒಣಗಿದ ಮಣ್ಣಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಕೆಲಸ ಮುಗಿದ ಮೇಲೆ ಪೊರಕೆ ಹಿಡಿದು ಗುಡಿಸುವ ಜಾಗವಾದರೆ ಹಿಂದೆ ಸರಿಯಿರಿ. ಒದ್ದೆ ಬಟ್ಟೆಯಲ್ಲಿ ಒರೆಸುವುದೇ ಸರಿ. ಉಂಡು ಕುಡಿಯುವ ಪಾತ್ರೆ ಮಾಡುವುದಾದರೆ ಅದರ ಮೇಲೆ ಹೊಳಪಿಗಾಗಿ ಬಳಿಯುವ ಮೆರುಗಿನಲ್ಲಿ ಸೀಸ ಇದೆಯಾ ಅಂತ ಕೇಳಿ. ತೈಲವರ್ಣದ ಗುಂಪಿನಲ್ಲಿ ಟರ್ಪೆಂಟೈನ್ ವಾಸನೆ ಮುಚ್ಚಿದ ಕೋಣೆಯಲ್ಲಿ ನಿಂತಿದ್ದರೆ ಅಲ್ಲಿ ಕೂರಬೇಡಿ. ಉಬ್ಬಸ ಇರುವವರು, ಬಸುರಿಯರು ನೀರಿನಲ್ಲಿ ಕಲಸುವ ಬಣ್ಣಕ್ಕೇ ಹೋಗಲಿ.

ಮೈ ಅಲುಗಾಡಬೇಕಿದ್ದರೆ ಕುಣಿತ

ಇದರಲ್ಲಿ ಜಾಸ್ತಿ ಯೋಚಿಸುವುದಿಲ್ಲ. ಬೀಳುವ ಭಯ, ಬಿಗಿದ ಕೀಲು, ಕೂತೇ ಕಳೆಯುವ ದಿನ ಇದ್ದರೆ ಕುಣಿತ ಮೊದಲ ಆಯ್ಕೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮಾರಿಸ್ ನೃತ್ಯ ತಂಡದವರು 2001ರಲ್ಲಿ ಪಾರ್ಕಿನ್ಸನ್ ಕಾಯಿಲೆ ಇರುವವರಿಗಾಗಿ ನೃತ್ಯ ತರಗತಿ ಶುರು ಮಾಡಿದರು. ಈಗ ಹಲವು ದೇಶಗಳಲ್ಲಿ ಅದೇ ಮಾದರಿಯ ತರಗತಿಗಳಿವೆ. ಆ ಕಾಯಿಲೆಯಲ್ಲಿ ನಡೆಯುವಾಗ ಕಾಲು ಒಮ್ಮೊಮ್ಮೆ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ತಾಳ ಕೇಳಿದಾಗ ಹೆಜ್ಜೆ ಎತ್ತುವುದು ಕೆಲವರಿಗೆ ಸುಲಭವಾಗುತ್ತದೆ. 2003ರ ಇನ್ನೊಂದು ಅಧ್ಯಯನ 75 ದಾಟಿದ 469 ಜನರನ್ನು ವರ್ಷಗಟ್ಟಲೆ ಗಮನಿಸಿತ್ತು. ಅವರ ದೈಹಿಕ ಚಟುವಟಿಕೆಗಳಲ್ಲಿ ಮರೆವಿನ ಕಾಯಿಲೆಯ ಅಪಾಯ ಕಡಿಮೆ ಇರುವುದರ ಜೊತೆ ನಂಟು ಕಂಡದ್ದು ಕುಣಿತಕ್ಕೆ ಮಾತ್ರ. ಕುರ್ಚಿಯಲ್ಲಿ ಕೂತು ಮಾಡುವ ಅವಕಾಶ ಇದೆಯಾ, ನೆಲ ಜಾರುತ್ತದೆಯಾ ಅಂತ ಮೊದಲ ದಿನವೇ ನೋಡಿ. ಎದೆನೋವು, ತಲೆಸುತ್ತು ಇರುವವರು ವೈದ್ಯರನ್ನು ಕೇಳಿ ಸೇರಲಿ.

ಬರವಣಿಗೆ, ಸ್ವಲ್ಪ ಜೋಪಾನವಾಗಿ

1980ರ ದಶಕದಿಂದ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಒಂದು ಸರಳ ಪ್ರಯೋಗ ಮಾಡುತ್ತ ಬಂದರು. ಮನಸ್ಸನ್ನು ಕಾಡಿದ ಘಟನೆಯ ಬಗ್ಗೆ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆಯುವುದು. ಬರೆದ ಕೂಡಲೇ ಜನರಿಗೆ ಸಂಕಟ ಜಾಸ್ತಿಯಾಗುತ್ತಿತ್ತು. ಕೆಲವು ತಿಂಗಳುಗಳ ನಂತರ ನೋಡಿದರೆ ಅಂಥವರು ವೈದ್ಯರ ಹತ್ತಿರ ಹೋಗುವುದು ಕಡಿಮೆಯಾಗಿತ್ತು. ನನಗೆ ಇದರಲ್ಲಿ ಮುಖ್ಯ ಅನಿಸುವುದು ಮೊದಲ ಭಾಗ. ಬರೆದ ದಿನ ಸಂಕಟ ಏರುತ್ತದೆ. ಗಾಯ ಹಸಿಯಾಗಿರುವವರನ್ನು ಬರವಣಿಗೆಯ ಗುಂಪಿಗೆ ಕಳಿಸಿ, ಬರೆದದ್ದನ್ನು ಎಲ್ಲರೆದುರು ಓದಲು ಹೇಳಿದರೆ ಕೆಟ್ಟದಾಗಬಹುದು. ಓದಲೇಬೇಕು ಅನ್ನುವ ನಿಯಮ ಇರುವ ಗುಂಪು ಬೇಡ. ಅಂಥವರಿಗೆ ಮೊದಲು ಕೈಕೆಲಸ, ಆಮೇಲೆ ಬರವಣಿಗೆ.

ಮಾಡಲು ಮನಸ್ಸೇ ಇಲ್ಲದವರಿಗೆ ನೋಡುವುದೂ ಒಂದು ಆಯ್ಕೆ. ಕೆನಡಾದ ಮಾಂಟ್ರಿಯಲ್‌ನಲ್ಲಿ 2018ರಿಂದ ವೈದ್ಯರು ಅಲ್ಲಿನ ಕಲಾ ವಸ್ತುಸಂಗ್ರಹಾಲಯಕ್ಕೆ ಉಚಿತವಾಗಿ ಹೋಗಿಬರುವಂತೆ ರೋಗಿಗಳಿಗೆ ಚೀಟಿ ಬರೆದುಕೊಡತೊಡಗಿದರು. ಮನೆಯವರೂ ಜೊತೆಗೆ ಹೋಗಬಹುದು. ಆರೈಕೆ ಮಾಡಿ ದಣಿದವರಿಗೂ ಇದು ಒಗ್ಗುತ್ತದೆ.

ಗುಂಪು ಸಾಕಾ, ಥೆರಪಿಸ್ಟ್ ಬೇಕಾ?

ಈ ಎರಡನ್ನು ಬೆರೆಸಬಾರದು. ಆರ್ಟ್ ಥೆರಪಿ ಅನ್ನುವುದು ಅದಕ್ಕೆಂದೇ ತರಬೇತಿ ಪಡೆದವರು ಕೊಡುವ ಚಿಕಿತ್ಸೆ. ಅಲ್ಲಿ ಗುರಿ ಇರುತ್ತದೆ, ದಾಖಲೆ ಇರುತ್ತದೆ, ಗೌಪ್ಯತೆಯ ನಿಯಮ ಇರುತ್ತದೆ. ಸಮುದಾಯದ ಕಲಾ ಗುಂಪಿನಲ್ಲಿ ಒಬ್ಬ ಕಲಾವಿದರೋ ಉತ್ಸಾಹಿಯೋ ಮುಂದೆ ನಿಂತಿರುತ್ತಾರೆ. ಅವರಿಗೆ ನಿಮ್ಮ ಕಾಯಿಲೆ ಗೊತ್ತಾಗಬೇಕಾಗಿಲ್ಲ. ಅಲ್ಲಿ ನೀವು ರೋಗಿಯಾಗಿ ಹೋಗುವುದಿಲ್ಲ, ಹಾಡುವವರಾಗಿ, ಹೆಣೆಯುವವರಾಗಿ ಹೋಗುತ್ತೀರಿ. ಎಷ್ಟೋ ಜನರಿಗೆ ಅದೇ ದೊಡ್ಡ ಬಿಡುಗಡೆ.

ಒಂಟಿತನ, ಬೇಸರ, ಸಣ್ಣ ಮಟ್ಟದ ಆತಂಕ, ನಿವೃತ್ತಿಯ ಖಾಲಿತನ, ಹಳೆಯ ಕಾಯಿಲೆಯ ದಣಿವು: ಇಷ್ಟಕ್ಕೆ ಗುಂಪು ಸಾಕು. ಸಾಯುವ ಯೋಚನೆ ಬರುತ್ತಿದ್ದರೆ, ವಾರಗಟ್ಟಲೆ ಊಟ ನಿದ್ದೆ ಕೆಟ್ಟಿದ್ದರೆ, ಇಲ್ಲದ ದನಿ ಕೇಳುತ್ತಿದ್ದರೆ, ಹಿಂಸೆ ಅನುಭವಿಸಿ ಬಂದವರಾಗಿದ್ದರೆ ಮೊದಲು ವೈದ್ಯರು. ಚಿಕಿತ್ಸೆ ನಡೆಯುತ್ತಿರುವಾಗ ಜೊತೆಗೆ ಗುಂಪೂ ಇರಲಿ. ಮಾತ್ರೆ ನಿಲ್ಲಿಸಿ ಹಾಡು ಶುರು ಮಾಡುವುದು ಯಾವ ಕಾರಣಕ್ಕೂ ಬೇಡ. ಹಾಗೆ ಹೇಳುವ ಗುಂಪಿನಿಂದ ಕೂಡಲೇ ಹೊರಗೆ ಬನ್ನಿ.

ಗುಂಪನ್ನು ಅಳೆಯುವುದು ಹೇಗೆ?

ಮೊದಲ ದಿನ ಹೋದಾಗ ಮುಂದಾಳಿಗಿಂತ ಹಿಂದಿನ ಸಾಲನ್ನು ನೋಡಿ. ಕೆಲಸ ನಿಧಾನವಾದವರ ಪಕ್ಕ ಯಾರಾದರೂ ಕೂತಿದ್ದಾರಾ? ತಡವಾಗಿ ಬಂದವರನ್ನು ಹೇಗೆ ಬರಮಾಡಿಕೊಂಡರು? ಸುಮ್ಮನೆ ಕೂತವರನ್ನು ಸುಮ್ಮನೆ ಇರಲು ಬಿಟ್ಟರಾ? ಎರಡು ವಾರ ಬಾರದೆ ಇದ್ದವರಿಗೆ ಫೋನ್ ಮಾಡುವವರು ಇದ್ದಾರಾ? ಬಂದ ಎಲ್ಲರೂ ಒಂದೇ ವಯಸ್ಸಿನ, ಮೊದಲೇ ಪರಿಚಯವಿರುವ ಗೆಳೆಯರಾಗಿದ್ದರೆ ಹೊಸಬರು ಬಾಗಿಲಲ್ಲೇ ಉಳಿಯುತ್ತಾರೆ. ಮೆಟ್ಟಿಲು, ಶೌಚಾಲಯ, ಬಸ್ಸಿನ ಅನುಕೂಲ ಚಿಕ್ಕ ವಿಷಯಗಳಂತೆ ಕಾಣುತ್ತವೆ. ವಯಸ್ಸಾದವರು ಬಿಟ್ಟುಹೋಗುವುದು ಬಹಳ ಸಲ ಇವುಗಳಿಂದಲೇ.

ಪ್ರದರ್ಶನ ಇಡುವ ಗುಂಪು ಒಳ್ಳೆಯದಾ? ಕೆಲವರಿಗೆ ಅದು ಹುರುಪು, ಕೆಲವರಿಗೆ ನಿದ್ದೆಗೆಡಿಸುವ ಒತ್ತಡ. ಪಾಲುಗೊಳ್ಳದೆ ಇರುವ ಹಕ್ಕು ಇದ್ದರೆ ಸರಿ. ಒಂದು ದಿನದ ಕಾರ್ಯಾಗಾರ ರುಚಿ ನೋಡಲು ಸಾಕು, ಒಂಟಿತನಕ್ಕೆ ಸಾಲದು. ಅದಕ್ಕೆ ವಾರ ವಾರ ಅದೇ ಮುಖಗಳು ಬೇಕು. ಆನ್‌ಲೈನ್ ಗುಂಪು ಮನೆ ಬಿಡಲಾಗದವರಿಗೆ ನಿಜವಾದ ಆಸರೆ. ಕೈಕೆಲಸಕ್ಕೂ ಬರವಣಿಗೆಗೂ ಅದು ಚೆನ್ನಾಗಿ ಒಗ್ಗುತ್ತದೆ. ಹಾಡಿಗೆ ಒಗ್ಗುವುದಿಲ್ಲ, ದನಿ ತಡವಾಗಿ ತಲುಪಿ ತಾಳ ತಪ್ಪುತ್ತದೆ, ಒಟ್ಟಿಗೆ ಹಾಡುವ ಸುಖವೇ ಇರುವುದಿಲ್ಲ.

ಸೇರಿದ ಮೇಲೆ ನಾಲ್ಕು ವಾರ ಕೊಡಿ. ಮೊದಲ ವಾರದ ಮುಜುಗರವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮನೆಗೆ ಬರುವ ದಾರಿಯಲ್ಲಿ ಮನಸ್ಸು ಹೇಗಿತ್ತು, ಆ ರಾತ್ರಿ ನಿದ್ದೆ ಹೇಗೆ ಬಂತು, ಮುಂದಿನ ವಾರದ ದಿನ ನೆನೆದಾಗ ಹೋಗಬೇಕು ಅನಿಸಿತಾ ಅಂತ ಬರೆದಿಟ್ಟುಕೊಳ್ಳಿ. ಬೇರೆಯವರನ್ನು ಸೇರಿಸಿದ್ದರೆ "ಏನು ಕಲಿತಿರಿ" ಅಂತ ಕೇಳಬೇಡಿ, "ಪಕ್ಕದಲ್ಲಿ ಯಾರು ಕೂತಿದ್ದರು" ಅಂತ ಕೇಳಿ. ಎರಡನೇ ತಿಂಗಳಲ್ಲೂ ಆ ಪ್ರಶ್ನೆಗೆ ಅವರ ಬಾಯಲ್ಲಿ ಒಂದು ಹೆಸರು ಬಾರದಿದ್ದರೆ ಕಲೆ ಅದೇ ಇರಲಿ, ಗುಂಪು ಬದಲಿಸಿ. ಹೆಸರು ಬರುತ್ತಿದೆ, ಆದರೆ ಕೆಲಸ ಬೇಸರ ತರಿಸುತ್ತಿದೆ ಅಂದರೆ ಗುಂಪು ಅದೇ ಇರಲಿ. ಅಲ್ಲಿಯೇ ಬೇರೆ ಕೆಲಸ ಕೊಡಲು ಮುಂದಾಳನ್ನು ಕೇಳಿ: ನೂಲು ಸುತ್ತುವುದು, ಹಾಡಿನ ಹಾಳೆ ಹಂಚುವುದು, ಕುರ್ಚಿ ಜೋಡಿಸುವುದು ಯಾವುದಾದರೂ ಆದೀತು.